ಬರದೇ ಇರುವವರಿಂದ ಶುರು ಮಾಡಿ: ಎಲ್ಲರಿಗೂ ಒದಗುವ ಪೌಷ್ಟಿಕ ಆಹಾರ, ಆರೋಗ್ಯ ಸೇವೆ ರೂಪಿಸುವುದು ಹೇಗೆ

ಪೌಷ್ಟಿಕ ಆಹಾರದ್ದೋ ಆರೋಗ್ಯದ್ದೋ ಒಂದು ಸೇವೆ ಶುರು ಮಾಡುವಾಗ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ, ಏನು ಕೊಡೋಣ ಅಂತ. ಮಾತ್ರೆ, ಆಹಾರದ ಪೊಟ್ಟಣ, ತೂಕದ ಯಂತ್ರ, ಸಲಹೆ ಹೇಳುವವರು ಅಂತ ಪಟ್ಟಿ ಬೆಳೆಯುತ್ತದೆ. ಆಮೇಲೆ ಜನರನ್ನು ಕರೆದು ತೋರಿಸುತ್ತಾರೆ, ಜನ ತಲೆಯಾಡಿಸುತ್ತಾರೆ, ಸೇವೆ ಶುರುವಾಗುತ್ತದೆ. ಒಂದಷ್ಟು ತಿಂಗಳು ಕಳೆದು ನೋಡಿದರೆ ಬರುತ್ತಿರುವವರು ಮೊದಲಿಂದಲೂ ಎಲ್ಲದಕ್ಕೂ ಬರುತ್ತಿದ್ದವರೇ. ಯಾರಿಗೆ ಜಾಸ್ತಿ ಬೇಕಿತ್ತೋ ಅವರ ಪತ್ತೆಯೇ ಇಲ್ಲ.

ಈ ಕ್ರಮವನ್ನು ತಿರುಗಿಸಿ. ಈಗ ಯಾರು ಬರುತ್ತಿಲ್ಲವೋ ಅವರನ್ನು ಮೊದಲು ಹುಡುಕಿ, ಅವರ ಜೊತೆ ಕೂತು ಸೇವೆ ಕಟ್ಟಿ, ತೀರ್ಮಾನದಲ್ಲೂ ಅವರಿಗೆ ಪಾಲು ಕೊಡಿ. ನೀವು ಸಣ್ಣ ಸಂಘದವರಿರಲಿ, ದೊಡ್ಡ ಆಸ್ಪತ್ರೆಯವರಿರಲಿ, ಸರ್ಕಾರಿ ಕಾರ್ಯಕ್ರಮ ನಡೆಸುವವರಿರಲಿ, ಇದನ್ನು ಮಾಡಬಹುದು.

ರಿಜಿಸ್ಟರಿನಲ್ಲಿ ಇಲ್ಲದವರು ಯಾರು?

ರಿಜಿಸ್ಟರ್ ತೆಗೆದು ಮುಂದಿಟ್ಟುಕೊಳ್ಳಿ. ನಿಮ್ಮ ವ್ಯಾಪ್ತಿಯಲ್ಲಿ ಇರುವ ಜನ ಒಂದು ಕಡೆ, ಬಂದವರು ಇನ್ನೊಂದು ಕಡೆ ಇಟ್ಟು ಹೋಲಿಸಿ. ಒಟ್ಟು ಸಂಖ್ಯೆ ನೋಡಿ ನಿಲ್ಲಿಸಬೇಡಿ. ನೂರರಲ್ಲಿ 80 ಮಂದಿಗೆ ತಲುಪಿದ್ದೇವೆ ಅಂದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಉಳಿದ 20 ಮಂದಿ ಪೂರ್ತಿ ಒಂದೇ ಭಾಷೆಯವರೋ, ಒಂದೇ ಮೂಲೆಯವರೋ, ನಡೆಯಲಾಗದವರೋ ಆಗಿದ್ದರೆ? ಆ ಪ್ರಶ್ನೆಗೆ ಸರಾಸರಿ ಉತ್ತರ ಕೊಡುವುದಿಲ್ಲ. ವಯಸ್ಸು, ಲಿಂಗ, ಭಾಷೆ, ದೂರ, ಅಂಗವೈಕಲ್ಯ, ಕೆಲಸದ ರೀತಿ, ವಲಸೆ ಬಂದವರೋ ಅಲ್ಲವೋ, ಹೀಗೆ ಬಿಡಿಸಿ ಬಿಡಿಸಿ ನೋಡಿದಾಗ ಮಾತ್ರ ತೂತು ಎಲ್ಲಿದೆ ಅಂತ ಕಾಣುತ್ತದೆ.

ಜನ ಎಲ್ಲಿ ಕಳಚಿಕೊಳ್ಳುತ್ತಾರೆ ಅನ್ನುವುದನ್ನು ಹಿಡಿಯುವುದಕ್ಕೆ 1978ರಲ್ಲಿ ತನಹಾಶಿ ಅನ್ನುವವರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬರೆದ ಒಂದು ಲೆಕ್ಕಾಚಾರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಐದು ಮೆಟ್ಟಿಲು. ಸೇವೆ ಇದೆಯಾ, ಅಲ್ಲಿಗೆ ತಲುಪೋಕೆ ಆಗುತ್ತಾ, ಜನರಿಗೆ ಅದು ಒಪ್ಪಿಗೆಯಾ, ನಿಜವಾಗಿ ಬಂದು ಬಳಸಿದರಾ, ಬಳಸಿದ್ದರಿಂದ ಉಪಯೋಗ ಆಯ್ತಾ. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಜನ ಉದುರುತ್ತಾರೆ. ಒಂದು ಗುಂಪು ಎರಡನೇ ಮೆಟ್ಟಿಲಲ್ಲೇ ಉದುರಿದ್ದರೆ ಬಸ್ಸು, ಸಮಯ, ರ‍್ಯಾಂಪ್ ಬಗ್ಗೆ ಯೋಚಿಸಬೇಕು. ಮೂರನೆಯದರಲ್ಲಿ ಉದುರಿದ್ದರೆ ನಿಮ್ಮ ಸಿಬ್ಬಂದಿ ಮಾತಾಡುವ ರೀತಿ, ಕೊಡುವ ಆಹಾರ, ಹಳೇ ಕಹಿ ಅನುಭವಗಳ ಬಗ್ಗೆ. ಕಾರಣ ಬೇರೆಯಾದರೆ ಮದ್ದೂ ಬೇರೆ. ಇದನ್ನು ನೋಡದೆ ಎಲ್ಲದಕ್ಕೂ ಜಾಗೃತಿ ಕಾರ್ಯಕ್ರಮ ಮಾಡುವುದು ತುಂಬ ಕಡೆ ನಡೆಯುತ್ತದೆ. ಜನರಿಗೆ ಗೊತ್ತಿಲ್ಲ ಅನ್ನುವ ಊಹೆ ಅದರ ಹಿಂದೆ ಇರುತ್ತದೆ. ಎಷ್ಟೋ ಸಲ ಜನರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ, ಬಾಗಿಲು ತೆರೆದಿರುವ ಹೊತ್ತಿಗೆ ಬರಲು ಆಗುವುದಿಲ್ಲ.

ಅಂಗವೈಕಲ್ಯದ ಲೆಕ್ಕ ಹಿಡಿಯುವಾಗ "ಮನೆಯಲ್ಲಿ ಅಂಗವಿಕಲರು ಇದ್ದಾರಾ?" ಅಂತ ಕೇಳಬೇಡಿ. ಮುಜುಗರಕ್ಕೆ ಇಲ್ಲ ಅನ್ನುವವರಿದ್ದಾರೆ, ವಯಸ್ಸಾಗಿ ಕಿವಿ ಮಂದವಾದವರು ತಮ್ಮನ್ನು ಆ ಗುಂಪಿಗೆ ಸೇರಿಸಿಕೊಳ್ಳುವುದೇ ಇಲ್ಲ. ಅದಕ್ಕೇ ಅಂಗವೈಕಲ್ಯದ ಅಂಕಿಅಂಶಕ್ಕಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ವಾಷಿಂಗ್ಟನ್ ಗ್ರೂಪ್‌ನವರು ಆರು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಮಾಡಿದ್ದಾರೆ: ನೋಡುವುದು, ಕೇಳುವುದು, ನಡೆಯುವುದು ಅಥವಾ ಮೆಟ್ಟಿಲು ಹತ್ತುವುದು, ನೆನಪಿಟ್ಟುಕೊಳ್ಳುವುದು ಅಥವಾ ಗಮನ ಕೊಡುವುದು, ಸ್ನಾನ, ಬಟ್ಟೆಯಂಥ ಸ್ವಂತ ಕೆಲಸ, ಮತ್ತು ಇನ್ನೊಬ್ಬರ ಜೊತೆ ಮಾತುಕತೆ. ಪ್ರತಿಯೊಂದಕ್ಕೂ ಕಷ್ಟ ಇಲ್ಲ, ಸ್ವಲ್ಪ ಕಷ್ಟ, ತುಂಬ ಕಷ್ಟ, ಆಗುವುದೇ ಇಲ್ಲ ಅಂತ ನಾಲ್ಕು ಉತ್ತರ. ಯಾವುದಾದರೂ ಒಂದಕ್ಕೆ ತುಂಬ ಕಷ್ಟ ಅಂದರೂ ಲೆಕ್ಕಕ್ಕೆ ಸೇರಿಸಿ. ಮಕ್ಕಳಿಗೆ ಯುನಿಸೆಫ್ ಜೊತೆ ಸೇರಿ ಮಾಡಿದ ಬೇರೆ ಪಟ್ಟಿ ಇದೆ, 2ರಿಂದ 17 ವರ್ಷದವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನ, ಅಂದರೆ ಆರರಲ್ಲಿ ಒಬ್ಬರು, ಗಮನಾರ್ಹ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ. ನಿಮ್ಮ ರಿಜಿಸ್ಟರಿನಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ ಇದ್ದರೆ ಉಳಿದವರು ಮನೆಯಲ್ಲೇ ಇದ್ದಾರೆ ಅಂತ ತಿಳಿಯಿರಿ. ಇಲ್ಲವೇ ಬಂದರೂ ನೀವು ಗುರುತಿಸಿಲ್ಲ.

ಯಾರನ್ನು ಕರೆಯಬೇಕು, ಹೇಗೆ ಕರೆಯಬೇಕು

ಒಂದು ಸಮುದಾಯದ ಜೊತೆ ಮಾತಾಡಬೇಕು ಅಂದ ಕೂಡಲೇ ಮುಖಂಡರನ್ನು ಕರೆಯುವುದು ರೂಢಿ. ಮುಖಂಡರನ್ನು ಬಿಟ್ಟು ಹೋಗಿ ಅಂತ ಹೇಳುತ್ತಿಲ್ಲ, ಅವರ ವಿಶ್ವಾಸ ಬೇಕು. ಆದರೆ ಅಲ್ಲೇ ನಿಲ್ಲಬೇಡಿ. ಅದೇ ಸಮುದಾಯದ ಒಳಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಒಬ್ಬರೇ ಇರುವ ಮುದುಕರು, ಮಾನಸಿಕ ಕಾಯಿಲೆ ಇರುವವರು, ಲಿಂಗತ್ವ ಅಲ್ಪಸಂಖ್ಯಾತರು, ಬಾಡಿಗೆಗೆ ಬಂದು ಹೋಗುವ ಕೂಲಿಯವರು ಇರುತ್ತಾರೆ. ಮುಖಂಡರ ಎದುರಿಗೆ ಇವರು ಬಾಯಿ ಬಿಡುವುದಿಲ್ಲ. ಬೇರೆ ಬೇರೆಯಾಗಿ ಕೂರಿಸಿ ಮಾತಾಡಿ. ಹೆಂಗಸರ ಜೊತೆ ಹೆಂಗಸರೇ ಮಾತಾಡಲಿ. ಹದಿಹರೆಯದವರನ್ನು ಅಪ್ಪ ಅಮ್ಮನ ಎದುರು ಕೂರಿಸಿ ಕೇಳಿದರೆ ಸಿಗುವ ಉತ್ತರ ಅಪ್ಪ ಅಮ್ಮನದ್ದೇ.

ಅವರ ಸಮಯಕ್ಕೆ ದುಡ್ಡು ಕೊಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಸಭೆಗೆ ಬರುವ ಅಧಿಕಾರಿಗೆ, ಸಲಹೆಗಾರರಿಗೆ ಸಂಬಳ ಇರುತ್ತದೆ, ದಿನಗೂಲಿ ಬಿಟ್ಟು ಬಂದವರಿಗೆ ಚಹಾ ಬಿಸ್ಕೆಟ್ ಕೊಟ್ಟು ಕಳಿಸುವುದು ನ್ಯಾಯ ಅಲ್ವಲ್ಲ. ಪ್ರಯಾಣದ ಖರ್ಚು, ಆ ದಿನದ ಗಳಿಕೆ, ಜೊತೆಗೆ ಬರುವ ಸಹಾಯಕರ ಖರ್ಚು, ಮಗುವನ್ನು ನೋಡಿಕೊಳ್ಳುವವರ ಏರ್ಪಾಡು, ಸಂಜ್ಞಾ ಭಾಷೆ ಅಥವಾ ಬೇರೆ ಭಾಷೆಯ ದುಭಾಷಿ, ಇವೆಲ್ಲ ಬಜೆಟ್‌ನಲ್ಲಿ ಮೊದಲ ದಿನವೇ ಪ್ರತ್ಯೇಕ ಸಾಲಾಗಿ ಇರಲಿ. ಕೊನೆಗೆ ಉಳಿದರೆ ನೋಡೋಣ ಅಂದರೆ ಯಾವತ್ತೂ ಉಳಿಯುವುದಿಲ್ಲ.

ದುಭಾಷಿಯ ಬಗ್ಗೆ ಇನ್ನೊಂದು ಮಾತು. ಮನೆಯ ಮಕ್ಕಳಿಂದ ಅನುವಾದ ಮಾಡಿಸಬೇಡಿ. ಅಮ್ಮನ ಮುಟ್ಟಿನ ತೊಂದರೆಯನ್ನೋ ಅಪ್ಪನ ಕುಡಿತವನ್ನೋ ಹತ್ತು ವರ್ಷದ ಮಗುವಿನ ಬಾಯಲ್ಲಿ ಹೇಳಿಸುವುದು ಆ ಮಗುವಿಗೂ ಅನ್ಯಾಯ, ಅಮ್ಮನೂ ಅರ್ಧ ಮುಚ್ಚಿಡುತ್ತಾರೆ. ಅಂಗವೈಕಲ್ಯ ಇರುವವರ ಜೊತೆ ಮಾತಾಡುವಾಗಲೂ ಅವರನ್ನೇ ನೋಡಿ ಮಾತಾಡಿ, ಪಕ್ಕದಲ್ಲಿ ನಿಂತವರನ್ನಲ್ಲ. "ಇವರು ಊಟ ಮಾಡ್ತಾರಾ?" ಅಂತ ಜೊತೆಗಿದ್ದವರನ್ನು ಕೇಳುವುದು ಎಷ್ಟು ನೋಯಿಸುತ್ತದೆ ಅಂತ ಒಮ್ಮೆ ಅವರನ್ನೇ ಕೇಳಿ ನೋಡಿ.

ಕರೆಯುವ ಮೊದಲು ಇನ್ನೊಂದನ್ನು ನಿಮ್ಮೊಳಗೆ ತೀರ್ಮಾನ ಮಾಡಿಕೊಳ್ಳಿ. ಅವರು ಹೇಳಿದ್ದರಿಂದ ನಿಜವಾಗಿ ಏನು ಬದಲಾಗಬಹುದು? ಶೆರಿ ಆರ್ನ್‌ಸ್ಟೀನ್ ಅನ್ನುವ ಅಮೆರಿಕದ ನೀತಿ ತಜ್ಞೆ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಸುಮ್ನೆ ಒಪ್ಪಿಸುವ ಕೆಲಸ, ನಡುವೆ ಅಭಿಪ್ರಾಯ ಕೇಳುವುದು, ಮೇಲೆ ಹೋದಂತೆ ಪಾಲುದಾರಿಕೆ, ತುದಿಯಲ್ಲಿ ಜನರ ಕೈಗೇ ಅಧಿಕಾರ. ನೀವು ಎಲ್ಲಾ ಸಲ ತುದಿಗೆ ಹೋಗಲಾಗುವುದಿಲ್ಲ, ಕೆಲವು ನಿಯಮ, ಅನುದಾನದ ಷರತ್ತು ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಾಗಿದ್ದರೆ ಮೊದಲೇ ಹೇಳಿಬಿಡಿ: ಸಮಯ, ಜಾಗ, ಆಹಾರದ ಆಯ್ಕೆ ನೀವು ತೀರ್ಮಾನಿಸಬಹುದು, ಔಷಧಿಯ ಪಟ್ಟಿ ನಮ್ಮ ಕೈಯಲ್ಲಿಲ್ಲ ಅಂತ. ಜನ ಇದಕ್ಕೆ ಬೇಸರ ಮಾಡಿಕೊಳ್ಳುವುದು ಕಡಿಮೆ. ಎಲ್ಲಾ ಕೇಳಿಸಿಕೊಂಡು ಕೊನೆಗೆ ಮೊದಲೇ ಬರೆದಿಟ್ಟಿದ್ದನ್ನೇ ಮಾಡಿದಾಗ ಮಾತ್ರ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಇದು ನೀವು ಮಾಡುವ ಉಪಕಾರವೂ ಅಲ್ಲ. ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲಿ, ಜಾರಿಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು ಮತ್ತು ಕರ್ತವ್ಯ ಅಂತ ಪ್ರಾಥಮಿಕ ಆರೋಗ್ಯದ ಬಗ್ಗೆ ಹಲವು ದೇಶಗಳು ಸೇರಿ ಮಾಡಿದ 1978ರ ಅಲ್ಮಾ ಆಟಾ ಘೋಷಣೆಯಲ್ಲೇ ಇದೆ. ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯೂ ಅವರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರನ್ನು ಸೇರಿಸಿಕೊಳ್ಳಬೇಕು ಅನ್ನುತ್ತದೆ, ಅದರ 25ನೇ ವಿಧಿ ಪೂರ್ತಿ ಆರೋಗ್ಯದ್ದೇ.

ಕೇಳುವ ರೀತಿ

"ಮಗುವಿಗೆ ದಿನಾ ಏನೇನು ಕೊಡ್ತೀರಿ ಅಮ್ಮಾ?"
"ಎಲ್ಲಾ ಕೊಡ್ತೀವಿ ಮೇಡಂ. ಹಣ್ಣು, ತರಕಾರಿ, ಎಲ್ಲಾ."

ಇಲ್ಲಿಗೆ ಮಾತು ಮುಗಿದ ಹಾಗೆ. ನೀವು ಏನು ಕೇಳಲು ಬಯಸುತ್ತೀರಿ ಅಂತ ಅವರಿಗೆ ಗೊತ್ತು, ಅದನ್ನೇ ಹೇಳಿದರು. ಈಗ ಪ್ರಶ್ನೆಯನ್ನು ಬದಲಿಸಿ.

"ನಿನ್ನೆಯದು ಹೇಳಿ. ಮಗು ಎದ್ದ ತಕ್ಷಣ ಏನು ತಿಂತು?"
"ನಿನ್ನೆನಾ... ನಾನು ಬೆಳಗ್ಗೆ ಏಳಕ್ಕೆಲ್ಲ ಕೆಲಸಕ್ಕೆ ಹೊರಡ್ತೀನಿ ಮೇಡಂ. ಹಾಲು ಕೊಟ್ಟು ಹೋದೆ. ಆಮೇಲೆ ನಮ್ಮತ್ತೆ ನೋಡ್ಕೋತಾರೆ."
"ಅತ್ತೆ ಏನು ಕೊಟ್ರಂತೆ?"
"ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಒಲೆ ಹಚ್ಚೋಕೆ ಹೆದರ್ತಾರೆ. ನಾನು ಮಾಡಿಟ್ಟಿದ್ದನ್ನೇ ಮಧ್ಯಾಹ್ನ ಒಂದ್ಸಲ ಕೊಡ್ತಾರೆ. ಮತ್ತೆ ನಾನು ಬಂದ ಮೇಲೇನೇ."

ಒಂದು ದಿನದ ವಿವರ ಕೇಳಿದ್ದಕ್ಕೆ ಎಷ್ಟು ಸಿಕ್ಕಿತು ನೋಡಿ. ಮಗುವಿಗೆ ಉಣಿಸುವವರು ಅತ್ತೆ, ಅವರಿಗೆ ಕಣ್ಣಿನ ತೊಂದರೆ. ನೀವು ಬೆಳಗ್ಗೆ 11ಕ್ಕೆ ತಾಯಂದಿರ ಸಭೆ ಇಟ್ಟುಕೊಂಡು ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ ಹಲವು ಸಲ ಗಟ್ಟಿ ಆಹಾರ ಕೊಡಿ ಅಂತ ಎಷ್ಟು ಸಲ ಹೇಳಿದರೂ ಈ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಅತ್ತೆಗೆ ಕಣ್ಣಿನ ಪರೀಕ್ಷೆ ಆಗಬೇಕು, ಒಲೆ ಹಚ್ಚದೆ ಕೊಡಬಹುದಾದ ಆಹಾರ ಏನು ಅಂತ ಅವರ ಜೊತೆಯೇ ಕೂತು ಯೋಚಿಸಬೇಕು. ಆ ಮನೆಗೆ ಬೇಕಾದ ಪೌಷ್ಟಿಕ ಆಹಾರ ಸೇವೆಯಲ್ಲಿ ಕಣ್ಣಿನ ಪರೀಕ್ಷೆಯೂ ಸೇರುತ್ತದೆ.

ಹಾಗಾಗಿ "ಸಾಮಾನ್ಯವಾಗಿ" ಅಂತ ಕೇಳಬೇಡಿ, "ನಿನ್ನೆ", "ಹೋದ ಸಲ ಹುಷಾರು ತಪ್ಪಿದಾಗ" ಅಂತ ಕೇಳಿ. ಇನ್ನೊಂದು ಒಳ್ಳೆಯ ದಾರಿ ಅಂದರೆ ಜೊತೆಯಲ್ಲಿ ಹೋಗುವುದು. ಗಾಲಿಕುರ್ಚಿಯಲ್ಲಿ ಬರುವ ಒಬ್ಬರ ಜೊತೆ ಅವರ ಮನೆಯ ಬಾಗಿಲಿಂದ ನಿಮ್ಮ ಕೇಂದ್ರದ ಶೌಚಾಲಯದವರೆಗೆ ಹೋಗಿ ಬನ್ನಿ. ಎಲ್ಲಿ ನಿಂತರು, ಯಾರ ಸಹಾಯ ಬೇಕಾಯಿತು, ಯಾರು ಏನಂದರು ಅಂತ ಬರೆದುಕೊಳ್ಳಿ. ಓದು ಬರದವರ ಜೊತೆ, ಕಿವಿ ಕೇಳದವರ ಜೊತೆ, ಕೈಗೂಸು ಇರುವವರ ಜೊತೆಯೂ ಹೀಗೇ ಮಾಡಿ. ದೊಡ್ಡ ಸಮೀಕ್ಷೆಯಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ.

ಅಭಿಪ್ರಾಯ ಪೆಟ್ಟಿಗೆಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅದನ್ನು ಬಳಸುವವರು ಬರೆಯಲು ಬರುವವರು, ದೂರು ಕೊಟ್ಟರೆ ಏನೂ ಆಗುವುದಿಲ್ಲ ಅನ್ನುವ ಧೈರ್ಯ ಇರುವವರು. ಇಡಿ, ಬೇಡ ಅನ್ನುವುದಿಲ್ಲ. ಅದರ ಜೊತೆ ಬಾಯಲ್ಲಿ ಹೇಳುವ ದಾರಿಯೂ, ಕೇಂದ್ರಕ್ಕೆ ಸಂಬಂಧ ಇಲ್ಲದ ಒಬ್ಬರ ಬಳಿ ಹೇಳುವ ದಾರಿಯೂ ಇರಲಿ.

ಆಹಾರದ ಸಲಹೆ ಯಾರ ತಟ್ಟೆಗೆ?

ಸಲಹೆಯ ಚಾರ್ಟ್‌ನಲ್ಲಿರುವ ಊಟ ಹೆಚ್ಚಾಗಿ ಚಾರ್ಟ್ ಬರೆದವರ ಮನೆಯ ಊಟ. ಉಳಿದವರಿಗೆ ಅದು ದುಬಾರಿ, ಇಲ್ಲವೇ ನಿಷಿದ್ಧ, ಇಲ್ಲವೇ ಹೊಟ್ಟೆಗೆ ಆಗದ್ದು. ಹಾಲನ್ನೇ ತೆಗೆದುಕೊಳ್ಳಿ. ಜಗತ್ತಿನ ದೊಡ್ಡವರಲ್ಲಿ ಸುಮಾರು ಮೂರನೇ ಎರಡು ಭಾಗ ಜನರಿಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಬೆಳೆದಂತೆ ಕಡಿಮೆಯಾಗುತ್ತದೆ. ಎಲ್ಲರಿಗೂ ದಿನಕ್ಕೆ ಎರಡು ಲೋಟ ಹಾಲು ಅಂತ ಬರೆದರೆ ಅವರಲ್ಲಿ ಹಲವರಿಗೆ ಹೊಟ್ಟೆ ಉಬ್ಬರ ಬರೆದುಕೊಟ್ಟ ಹಾಗೆ.

ಆಹಾರದ ಹೆಸರಿನ ಬದಲು ಗುಂಪಿನಿಂದ ಶುರು ಮಾಡಿ. ಹೆಂಗಸರ ಆಹಾರದ ವೈವಿಧ್ಯ ಅಳೆಯುವುದಕ್ಕೆ ಜಗತ್ತಿನಾದ್ಯಂತ ಬಳಸುವ ಒಂದು ಅಳತೆ ಇದೆ. 15ರಿಂದ 49 ವರ್ಷದವರಿಗೆ, ಹತ್ತು ಆಹಾರ ಗುಂಪು, ಹಿಂದಿನ ದಿನ ಅದರಲ್ಲಿ ಐದಾದರೂ ತಿಂದಿದ್ದಾರಾ ಅಂತ ನೋಡುವುದು. ಧಾನ್ಯ ಗೆಡ್ಡೆಗಳು, ಬೇಳೆಕಾಳು, ಬೀಜಗಳು, ಹಾಲಿನ ಪದಾರ್ಥ, ಮಾಂಸ ಮೀನು, ಮೊಟ್ಟೆ, ಕಡು ಹಸಿರು ಸೊಪ್ಪು, ವಿಟಮಿನ್ ಎ ಜಾಸ್ತಿ ಇರುವ ಬೇರೆ ಹಣ್ಣು ತರಕಾರಿ, ಉಳಿದ ತರಕಾರಿ, ಉಳಿದ ಹಣ್ಣು. ಒಂದು ಗುಂಪು ಬೇಡ ಅನ್ನುವವರೂ ಬೇರೆ ಗುಂಪುಗಳಿಂದ ಐದನ್ನು ಮುಟ್ಟಬಹುದು. ಪ್ರತಿ ಗುಂಪಿನ ಕೆಳಗೆ ಏನು ಬರೆಯಬೇಕು ಅನ್ನುವುದನ್ನು ಆಯಾ ಸಮುದಾಯದವರೇ ತುಂಬಲಿ, ಪಕ್ಕದಲ್ಲಿ ಯಾವ ತಿಂಗಳಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಅಂತಲೂ ಅವರೇ ಬರೆಯಲಿ. ಒಂದೇ ಕೇಂದ್ರದಿಂದ ನಾಲ್ಕು ಬೇರೆ ಚಾರ್ಟ್ ಹುಟ್ಟಿದರೆ ಹುಟ್ಟಲಿ ಬಿಡಿ.

ಉಪವಾಸ, ನಿಷೇಧ, ನಂಬಿಕೆ ಇವುಗಳ ಜೊತೆ ಗುದ್ದಾಡಬೇಡಿ, ಅಪಾಯ ಇದ್ದರೆ ಮುಚ್ಚುಮರೆ ಇಲ್ಲದೆ ಹೇಳಿ, ಆಮೇಲೆ ದಾರಿ ಹುಡುಕಿ. ಕಬ್ಬಿಣಾಂಶ ಕಡಿಮೆ ಇರುವವರಿಗೆ ಚಹಾ ಬಿಡಿ ಅಂದರೆ ಯಾರೂ ಬಿಡುವುದಿಲ್ಲ. ಊಟದ ಜೊತೆ, ಮಾತ್ರೆಯ ಜೊತೆ ಬೇಡ, ಒಂದೆರಡು ಗಂಟೆ ಬಿಟ್ಟು ಕುಡಿಯಿರಿ ಅಂದರೆ ಮಾಡುತ್ತಾರೆ. ಎಷ್ಟೋ ಕ್ಯಾಪ್ಸೂಲ್‌ಗಳ ಹೊರಕವಚ ಜೆಲಾಟಿನ್‌ನದು, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಇದು ಒಪ್ಪಿಗೆಯಾಗದವರು ಇರುತ್ತಾರೆ. ಹೇಳದೆ ಕೊಟ್ಟು ಆಮೇಲೆ ಗೊತ್ತಾದರೆ ಆ ಮಾತ್ರೆಯ ಜೊತೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಮೊದಲೇ ಹೇಳಿ, ದ್ರವ ರೂಪದ್ದೋ ಬೇರೆ ಬಗೆಯದ್ದೋ ತರಿಸಲು ಆಗುತ್ತದಾ ನೋಡಿ.

ಸಮುದಾಯದ ಒಳಗೇ ಪರಿಹಾರ ಇರುತ್ತದೆ ಅನ್ನುವುದಕ್ಕೆ ವಿಯೆಟ್ನಾಂನ ಕೆಲಸ ನನಗೆ ಯಾವಾಗಲೂ ನೆನಪಾಗುತ್ತದೆ. 1990ರ ಕೊನೆಗೆ ಜೆರ್ರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಸೇವ್ ದ ಚಿಲ್ಡ್ರನ್ ಅನ್ನುವ ಮಕ್ಕಳ ಸೇವಾ ಸಂಸ್ಥೆಯ ಪರವಾಗಿ ಅಲ್ಲಿಗೆ ಹೋದಾಗ ಕೈಯಲ್ಲಿ ಹೆಚ್ಚು ದುಡ್ಡೂ ಇರಲಿಲ್ಲ, ಫಲ ತೋರಿಸಲು ಸಿಕ್ಕಿದ್ದು ಆರೇ ತಿಂಗಳು. ಅವರು ಹಳ್ಳಿಯ ಸ್ವಯಂಸೇವಕರ ಜೊತೆ ಮಕ್ಕಳ ತೂಕ ನೋಡಿ, ಕಡುಬಡವರ ಮನೆಯಲ್ಲೂ ಚೆನ್ನಾಗಿ ಬೆಳೆದ ಮಕ್ಕಳು ಇದ್ದಾರಾ ಅಂತ ಹುಡುಕಿದರು. ಇದ್ದರು. ಆ ಮನೆಗಳಲ್ಲಿ ಏನು ಬೇರೆ? ಗದ್ದೆಯಲ್ಲಿ ಸಿಗುವ ಸಣ್ಣ ಸೀಗಡಿ, ಏಡಿ, ಗೆಣಸಿನ ಸೊಪ್ಪನ್ನು ಮಗುವಿನ ಊಟಕ್ಕೆ ಹಾಕುತ್ತಿದ್ದರು. ಉಳಿದವರು ಅದು ಚಿಕ್ಕ ಮಕ್ಕಳಿಗೆ ಆಗುವುದಿಲ್ಲ ಅಂತ ಬಿಟ್ಟಿದ್ದರು. ಜೊತೆಗೆ ದಿನಕ್ಕೆ ಹೆಚ್ಚು ಸಲ ಉಣಿಸುತ್ತಿದ್ದರು, ಕೈ ತೊಳೆಯುತ್ತಿದ್ದರು. ಆಮೇಲೆ ಭಾಷಣ ಮಾಡಲಿಲ್ಲ. ತಾಯಂದಿರೇ ಆ ಪದಾರ್ಥಗಳನ್ನು ಹಿಡಿದು ತಂದು ಒಟ್ಟಿಗೆ ಅಡುಗೆ ಮಾಡಿ ಮಕ್ಕಳಿಗೆ ತಿನ್ನಿಸಿದರು. ನೀವು ಮಾಡುವಾಗಲೂ ಹೋಲಿಕೆ ಸರಿಯಾಗಿರಲಿ: ಅದೇ ಕಷ್ಟ, ಅದೇ ಆದಾಯ ಇರುವ ಮನೆಯಲ್ಲಿ ಚೆನ್ನಾಗಿರುವ ಮಗುವನ್ನೇ ಹುಡುಕಬೇಕು, ಅನುಕೂಲಸ್ಥರ ಮನೆಯ ಮಗುವಿನಿಂದ ಬಡವರು ಕಲಿಯುವುದಕ್ಕೆ ಏನೂ ಸಿಗುವುದಿಲ್ಲ.

ಅಳತೆಗೆ ಸಿಗದ ಮಕ್ಕಳು

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಪೌಷ್ಟಿಕ ಆಹಾರದ ಕಾರ್ಯಕ್ರಮಗಳಲ್ಲಿ ಅತಿ ಜಾಸ್ತಿ ಕೈಬಿಟ್ಟು ಹೋಗುವವರು ಅಂಗವೈಕಲ್ಯ ಇರುವ ಮಕ್ಕಳು. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಕಡಿಮೆ ಇರುವ ಮಗುವಿಗೆ ಅಗಿಯುವುದು, ನುಂಗುವುದು ಕಷ್ಟವಾಗಬಹುದು. ಒಂದು ಊಟಕ್ಕೆ ಒಂದು ಗಂಟೆ ಬೇಕಾಗಬಹುದು. ಮಲಗಿಸಿ ಉಣಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯ. ಆ ಮಗು ಸಣ್ಣಗಿದ್ದರೆ "ಅದರ ಕಾಯಿಲೆಯೇ ಹಾಗೆ" ಅಂದು ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ನಿಜವಾಗಿ ಅದಕ್ಕೆ ಹಸಿವು. ಇದು ನನಗೆ ತುಂಬ ಸಂಕಟ ತರುವ ವಿಷಯ.

ಮಗುವನ್ನು ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದ ಹಾಗೆ ಆಧಾರ ಕೊಟ್ಟು, ಚಿಕ್ಕ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಆಹಾರ ಎಷ್ಟು ತೆಳು, ಎಷ್ಟು ಗಟ್ಟಿ ಇರಬೇಕು ಅನ್ನುವುದಕ್ಕೆ 0ರಿಂದ 7ರವರೆಗೆ ಅಂತಾರಾಷ್ಟ್ರೀಯ ಹಂತಗಳಿವೆ, ಚಮಚ, ಫೋರ್ಕ್, ಸಿರಿಂಜ್ ಇದ್ದರೆ ಪರೀಕ್ಷೆ ಮಾಡಬಹುದು. ಯಾವ ಮಗುವಿಗೆ ಯಾವ ಹಂತ ಅನ್ನುವುದನ್ನು ನುಂಗುವ ತೊಂದರೆ ಬಲ್ಲ ತಜ್ಞರು ನೋಡಿ ಹೇಳಬೇಕು. ನಿಮ್ಮ ತಂಡದಲ್ಲಿ ಅಂಥವರಿಲ್ಲದಿದ್ದರೆ ಯಾರ ಬಳಿ ಕಳಿಸುತ್ತೀರಿ ಅಂತ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಎಲ್ಲ ಮಕ್ಕಳಿಗೂ ಒಂದೇ ಗಟ್ಟಿ ಪದಾರ್ಥ ಕೊಡುವ ಯೋಜನೆಯಲ್ಲಿ ಈ ಮಗುವಿನ ಪಾಲನ್ನು ಬೇರೆಯವರು ತಿಂದಿರುತ್ತಾರೆ, ರಿಜಿಸ್ಟರಿನಲ್ಲಿ ಮಾತ್ರ ಕೊಟ್ಟಾಗಿದೆ.

ನಿಲ್ಲಲಾರದ ಮಗುವಿನ ತೂಕ ನೋಡಲು ದೊಡ್ಡವರು ಎತ್ತಿಕೊಂಡು ನಿಂತು, ಆಮೇಲೆ ಅವರೊಬ್ಬರದೇ ತೂಕ ಕಳೆದರಾಯಿತು. ಬೆನ್ನು, ಕಾಲು ಸೊಟ್ಟಗಿದ್ದರೆ ಎತ್ತರದ ಬದಲು ಮಂಡಿಯ ಎತ್ತರವನ್ನೋ ಮುಂಗೈ ಮೂಳೆಯ ಉದ್ದವನ್ನೋ ಅಳೆದು ಅಂದಾಜು ಮಾಡುತ್ತಾರೆ. ರಟ್ಟೆಯ ಸುತ್ತಳತೆ ಪಟ್ಟಿ ಎಲ್ಲೆಡೆ ಬಳಕೆಯಲ್ಲಿದೆ: 6ರಿಂದ 59 ತಿಂಗಳ ಮಕ್ಕಳಲ್ಲಿ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಅಲ್ಲಿಂದ 12.5ರ ಒಳಗಿದ್ದರೆ ಮಧ್ಯಮ. ಪಟ್ಟಿಯ ಮೇಲೆ ಕೆಂಪು, ಹಳದಿ, ಹಸಿರು ಬಣ್ಣ ಇರುವುದರಿಂದ ಓದು ಬಾರದ ತಾಯಿಯೂ ಮನೆಯಲ್ಲೇ ಅಳೆಯಬಹುದು, ಕಲಿಸಿಕೊಡಿ. ಆದರೆ ಕೆಂಪು ಹಸಿರಿನ ವ್ಯತ್ಯಾಸ ಕಾಣದವರೂ ಇದ್ದಾರೆ, ಬಣ್ಣದ ಜೊತೆ ಗೆರೆಯೋ ಚುಕ್ಕಿಯೋ ಇರಲಿ. ತೋಳಿನಿಂದಲೇ ಗಾಲಿಕುರ್ಚಿ ತಳ್ಳುವ, ತೆವಳುವ ಮಗುವಿನ ರಟ್ಟೆ ಗಟ್ಟಿಯಾಗಿ ಬೆಳೆದಿರುತ್ತದೆ, ಅಲ್ಲಿ ಪಟ್ಟಿಯೊಂದನ್ನೇ ನಂಬಬೇಡಿ.

ದೊಡ್ಡವರ ಅಳತೆಗಳೂ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಏಷ್ಯಾದ ಮೂಲದ ಜನರಲ್ಲಿ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ಮತ್ತು 27.5 ಅನ್ನು ಎಚ್ಚರಿಕೆಯ ಗಡಿಗಳಾಗಿ ಸೇರಿಸಿತು. ಬೆರಳಿಗೆ ಹಾಕುವ ಆಕ್ಸಿಜನ್ ಅಳೆಯುವ ಯಂತ್ರ ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ. ಇಂಥ ಉಪಕರಣ ತರಿಸುವಾಗ ಯಾರ ಮೇಲೆ ಪರೀಕ್ಷೆ ಮಾಡಿದ್ದಾರೆ ಅಂತ ಕೇಳಿ.

ಜಾಗ, ಸಮಯ, ಕಾಗದ

ರ‍್ಯಾಂಪ್ ಇಳಿಜಾರು 1:12 ಇರಲಿ, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಒಬ್ಬರೇ ಹತ್ತಲು ಆಗುವುದಿಲ್ಲ, ಇಳಿಯುವಾಗ ಅಪಾಯ. ಬಾಗಿಲು 90 ಸೆಂ.ಮೀ. ಅಗಲ ಇದ್ದರೆ ಒಳ್ಳೆಯದು. ಶೌಚಾಲಯಕ್ಕೂ ಇದೇ ಲೆಕ್ಕ. ಟೋಕನ್ ನಂಬರ್ ಕೂಗಿದರೆ ಕಿವಿ ಕೇಳದವರು ಸಂಜೆವರೆಗೆ ಕೂತಿರುತ್ತಾರೆ, ಬೋರ್ಡ್‌ನಲ್ಲಿ ತೋರಿಸಿದರೆ ಕಣ್ಣು ಕಾಣದವರು ಕೂತಿರುತ್ತಾರೆ. ಎರಡೂ ಮಾಡಿ. ಗಲಾಟೆ, ಜನಜಂಗುಳಿ ತಡೆಯಲಾರದ ಆಟಿಸಂ ಇರುವ ಮಗುವಿಗೆ ಬೇರೆ ಹೊತ್ತು ಅಥವಾ ಪಕ್ಕದ ಒಂದು ಕೋಣೆ ಕೊಡಿ. ದಿನಗೂಲಿಯವರಿಗೆ ವಾರಕ್ಕೆ ಒಂದು ಸಂಜೆಯಾದರೂ ಬಾಗಿಲು ತೆರೆದಿರಲಿ, ಯಾವ ಸಂಜೆ ಅನ್ನುವುದನ್ನು ಅವರೇ ಹೇಳಲಿ.

ಅರ್ಜಿಯ ಪ್ರತಿ ಖಾನೆಗೂ ಇದು ಯಾಕೆ ಬೇಕು ಅಂತ ಕೇಳಿಕೊಳ್ಳಿ. ಗಂಡನ ಹೆಸರು ಯಾಕೆ? ಕಾಯಂ ವಿಳಾಸ ಇಲ್ಲದವರು ಏನು ಬರೆಯಬೇಕು? ಉಪಯೋಗಕ್ಕೆ ಬಾರದ್ದನ್ನು ತೆಗೆದುಹಾಕಿ. ಮಾಹಿತಿ ಬೇರೆ ಯಾರ ಕೈಗೆ ಹೋಗುತ್ತದೆ ಅಂತ ಅರ್ಜಿಯ ಮೇಲೇ ಬರೆಯಿರಿ, ಬಾಯಲ್ಲೂ ಹೇಳಿ, ದಾಖಲೆ ಇಲ್ಲದ ವಲಸಿಗರು ಬರದೇ ಇರುವುದಕ್ಕೆ ಈ ಹೆದರಿಕೆಯೇ ಕಾರಣವಾಗಿರುತ್ತದೆ.

ಅರ್ಥವಾಯಿತಾ ಅಂತ ತಿಳಿಯುವುದಕ್ಕೂ ಒಂದು ರೀತಿ ಇದೆ. ಭೇದಿಯಾದ ಮಗುವಿಗೆ ಓಆರ್‌ಎಸ್ ಕೊಟ್ಟು "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿ ನೋಡಿ:

"ನಾನು ಸರಿಯಾಗಿ ಹೇಳಿದ್ನಾ ಅಂತ ನೋಡ್ಕೋಬೇಕು. ಮನೆಗೆ ಹೋಗಿ ಇದನ್ನ ಹೇಗೆ ಕೊಡ್ತೀರಿ, ಒಂದ್ಸಲ ಹೇಳಿ ಅಮ್ಮಾ."
"ನೀರಿಗೆ ಪುಡಿ ಕಲಸಿ ಕುಡಿಸ್ತೀನಿ ಸಿಸ್ಟರ್."
"ಎಷ್ಟು ನೀರಿಗೆ?"
"ಒಂದು ಲೋಟಕ್ಕೆ ಪೂರ್ತಿ ಪ್ಯಾಕೆಟ್."

ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಲೀಟರ್ ಅಂತ ಮತ್ತೆ ಹೇಳುವ ಬದಲು ಅವರ ಮನೆಯ ಪಾತ್ರೆಯನ್ನೇ ತರಿಸಿ, ಅಳೆದು ನೀರು ಹಾಕಿ, ಎಲ್ಲಿಗೆ ಬರುತ್ತದೋ ಅಲ್ಲಿ ಗುರುತು ಮಾಡಿ ಕೊಡಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಬೇಕು ಅನ್ನುವುದನ್ನೂ ಅವರ ಬಾಯಲ್ಲೇ ಹೇಳಿಸಿ. ಚಿತ್ರಗಳನ್ನು ಅಚ್ಚು ಹಾಕಿಸುವ ಮೊದಲೂ ಬಳಸುವವರಿಗೆ ತೋರಿಸಿ "ಇದರಲ್ಲಿ ಏನು ಕಾಣ್ತಿದೆ?" ಅಂತ ಕೇಳಬೇಕು. ಬಾಣದ ಗುರುತು, ಅಡ್ಡಗೆರೆ ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ.

ಸಣ್ಣದಾಗಿ ಮಾಡಿ ನೋಡಿ, ತೀರ್ಮಾನ ಬಿಟ್ಟುಕೊಡಿ

ಎಲ್ಲಾ ಕೇಂದ್ರಗಳಲ್ಲೂ ಒಟ್ಟಿಗೆ ಬದಲಿಸಬೇಡಿ. ಒಂದು ಕಡೆ, ಕೆಲವು ವಾರ, ಕಡಿಮೆ ಖರ್ಚಿನಲ್ಲಿ ಮಾಡಿ ನೋಡಿ, ಯಾರಿಗಾಗಿ ಮಾಡಿದಿರೋ ಅವರು ಬಂದರಾ ಅಂತ ಎಣಿಸಿ. ಒಟ್ಟು ಸಂಖ್ಯೆ ಏರಿ, ಆ ಗುಂಪು ಇನ್ನೂ ಹೊರಗೇ ಇದ್ದರೆ ಅದನ್ನು ಗೆಲುವು ಅಂತ ವರದಿ ಬರೆಯಬೇಡಿ.

ಗುಂಪಿನ ಕೈಗೆ ತೀರ್ಮಾನ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನೇಪಾಳದ ಮಕವಾನ್‌ಪುರ ಜಿಲ್ಲೆಯ ಅಧ್ಯಯನ ಇದೆ, 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರತಿ ಪ್ರದೇಶದಲ್ಲೂ ಹೆಂಗಸರ ಗುಂಪುಗಳನ್ನು ಅಲ್ಲಿನ ಒಬ್ಬ ಹೆಂಗಸೇ ನಡೆಸುತ್ತಿದ್ದರು, ಅವರು ಆರೋಗ್ಯದ ತಜ್ಞರೂ ಅಲ್ಲ. ಹೆಂಗಸರು ಪ್ರತಿ ತಿಂಗಳು ಸೇರಿ ಹೆರಿಗೆ, ಬಾಣಂತನದ ತೊಂದರೆಗಳನ್ನು ಮಾತಾಡಿ, ಯಾವುದು ಮುಖ್ಯ ಅಂತ ಆರಿಸಿ, ತಾವೇ ದಾರಿ ಹುಡುಕಿದರು. ಒಂದು ಗುಂಪು ತುರ್ತಿಗೆ ನಿಧಿ ಕೂಡಿಸಿತು, ಇನ್ನೊಂದು ಸ್ಟ್ರೆಚರ್ ಏರ್ಪಾಡು ಮಾಡಿತು, ಮತ್ತೊಂದು ಸ್ವಚ್ಛ ಹೆರಿಗೆಯ ಕಿಟ್ ಹಂಚಿತು. ಆ ಪ್ರದೇಶಗಳಲ್ಲಿ ನವಜಾತ ಶಿಶುಗಳ ಸಾವು ಬೇರೆ ಕಡೆಗಿಂತ ಶೇ. 30ರಷ್ಟು ಕಡಿಮೆ ಇತ್ತು. ಎಲ್ಲರಿಗೂ ಒಂದೇ ಪರಿಹಾರ ಹೇರಿದ್ದರೆ ಈ ಬಗೆಬಗೆಯ ದಾರಿಗಳು ಹುಟ್ಟುತ್ತಿರಲಿಲ್ಲ.

ಸಮಿತಿ ಮಾಡುವುದಾದರೆ ಒಬ್ಬ ಅಂಗವಿಕಲರು, ಒಬ್ಬ ಹೆಂಗಸು ಅಂತ ಒಂದೊಂದು ಕುರ್ಚಿ ಇಟ್ಟು ಕೈ ತೊಳೆದುಕೊಳ್ಳಬೇಡಿ. ಒಬ್ಬರೇ ಇದ್ದರೆ ಮಾತು ಹೊರಡುವುದಿಲ್ಲ, ಕನಿಷ್ಠ ಇಬ್ಬರು ಮೂವರು ಇರಲಿ. ಸಭೆಯ ಕಾಗದಗಳು ಮೊದಲೇ, ಅವರಿಗೆ ಅರ್ಥವಾಗುವ ರೂಪದಲ್ಲಿ ತಲುಪಲಿ. ಒಂದಷ್ಟು ಹಣ ಪೂರ್ತಿ ಅವರ ತೀರ್ಮಾನಕ್ಕೆ ಬಿಡಿ. ಗುಂಪುಗಳ ನಡುವೆ ಜಗಳ ಬರುತ್ತದೆ, ಒಬ್ಬರಿಗೆ ಬೇಕಾದ ಸಮಯ ಇನ್ನೊಬ್ಬರಿಗೆ ಆಗುವುದಿಲ್ಲ. ಆಗ ಯಾರಿಗೆ ಬೇರೆ ದಾರಿಯೇ ಇಲ್ಲವೋ ಅವರ ಕಡೆ ನಿಲ್ಲಿ, ಯಾಕೆ ಅಂತ ಎಲ್ಲರ ಎದುರೂ ಹೇಳಿ.

ಪ್ರತಿ ಸುತ್ತು ಮುಗಿದ ಮೇಲೆ ಒಂದು ಹಾಳೆ ಮಾಡಿ. ನೀವು ಹೇಳಿದ್ದು, ನಾವು ಮಾಡಿದ್ದು, ಮಾಡಲಾಗದ್ದು ಮತ್ತು ಕಾರಣ ಅಂತ ಮೂರು ಭಾಗ. ಕೇಂದ್ರದ ಗೋಡೆಗೆ ಹಚ್ಚಿ, ಓದು ಬಾರದವರಿಗೆ ಧ್ವನಿ ಸಂದೇಶ ಕಳಿಸಿ, ಸಂಜ್ಞಾ ಭಾಷೆಯ ಚಿಕ್ಕ ವೀಡಿಯೊ ಮಾಡಿ. ಮನೆಯಿಂದ ಹೊರಗೆ ಬರಲಾಗದವರಿಗೆ ಯಾರಾದರೂ ಹೋಗಿ ಹೇಳಬೇಕು, ಹೋದಾಗ ಮುಂದಿನ ಸಭೆ ಅವರ ಮನೆಯ ಹತ್ತಿರವೇ ಇಡಬಹುದಾ ಅಂತ ಕೇಳಿಕೊಂಡು ಬನ್ನಿ.